ನಾಲ್ಕನೇ ತೊಟ್ಟಿಯ ಗುರುವಾರ

ಪೋರ್ಚುಗಲ್ಲಿನ ಕೊವಿಲ್ಯಾ ಊರಿನ
ಉಣ್ಣೆಗೆ ಬಣ್ಣ ಹಾಕುವ ಕಾರ್ಖಾನೆಗೆ
ನಾನು ಹೋದದ್ದು ಫೆಬ್ರವರಿಯಲ್ಲಿ. ಬೆಟ್ಟದ ಮೇಲೆ ಹಿಮ,
ಕೆಳಗೆ ತೊರೆ. ಹಿಂದೆಲ್ಲ ಆ ತೊರೆ ನೋಡಿಯೇ
ಊರವರು ಹೇಳುತ್ತಿದ್ದರಂತೆ, ಇವತ್ತು ಯಾವ ಬಣ್ಣವೆಂದು.
ಈಗ ನೀರು ನೀರಿನ ಬಣ್ಣದ್ದೇ.

ನನ್ನ ಚೀಲದಲ್ಲಿ ಒಂದು ತಂತ್ರಾಂಶ.
ಹದಿಮೂರು ತೊಟ್ಟಿ, ಇನ್ನೂರ ಹತ್ತು ಆರ್ಡರು,
ಮೂರು ಪಾಳಿ, ಒಂದೇ ಬಾಯ್ಲರು,
ಎಲ್ಲವನ್ನೂ ನಲವತ್ತು ಸೆಕೆಂಡಿನಲ್ಲಿ
ಸಾಲಾಗಿ ಕೂರಿಸುತ್ತೇನೆ ಎನ್ನುವ ಜಂಬದ್ದು.

ಒಡೀಲಿಯಾ ನಗಲಿಲ್ಲ. ಮೂವತ್ತೊಂದು ವರ್ಷದಿಂದ
ಅದೇ ಕೆಲಸವನ್ನು ಆಕೆ ಗೋಡೆಯ ಹಲಗೆಯಲ್ಲಿ
ಮರದ ಗೂಟಕ್ಕೆ ಉಣ್ಣೆಯೆಳೆ ಸುತ್ತಿ ಮಾಡುತ್ತಿದ್ದಳು.
ಮಾರಾಟದ ವಾಸ್ಕು ದಿನಕ್ಕೆ ಮೂರು ಸಲ ಬಂದು
"ತುರ್ತು" ಎನ್ನುವನು; ತುರ್ತಿಗೊಂದು ಕೆಂಪು ಎಳೆ.
ಹಲಗೆಯೆಲ್ಲ ಕೆಂಪಾದ ದಿನ ಅದಕ್ಕೆ ಬೆನ್ನು ತಿರುಗಿಸಿ
ಕಾಫಿ ಕುಡಿಯುವಳು.

ಕನ್ನಡಕ ಹಣೆಗೇರಿಸಿ ಕೇಳಿದಳು:
"ಕಪ್ಪಿನ ಹಿಂದೆ ಬಿಳಿ ಬಂದರೆ
ತೊಳೆಯಲೆಷ್ಟು ಹೊತ್ತು, ಗೊತ್ತೇನು ಇದಕ್ಕೆ?"
ಗೊತ್ತಿರಲಿಲ್ಲ. ಗೊತ್ತುಮಾಡಿಸುವುದೇ ನನ್ನ ಕೆಲಸ.

ಬರೆದುಕೊಂಡೆ. ಬಿಳಿಯಿಂದ ಕೆನೆಗೆ ಹತ್ತು ನಿಮಿಷ,
ಕೆನೆಯಿಂದ ಜೇನಿಗೆ ಹದಿನೈದು,
ಜೇನಿನಿಂದ ಇಟ್ಟಿಗೆ, ಇಟ್ಟಿಗೆಯಿಂದ ಕಂದು,
ಇಳಿಯುತ್ತ ಹೋಗುವುದು ಸಲೀಸು.
ಕಪ್ಪು ಮುಟ್ಟಿದ ಮೇಲೆ ಮತ್ತೆ ಬಿಳಿಗೆ ಹತ್ತಲು
ನಾಲ್ಕು ಗಂಟೆ, ಎರಡು ಕುದಿ, ಒಂದು ಆಮ್ಲ.
"ಬೆಲ್ಮೀರು ಇದ್ದರೆ ಮೂರೇ ಗಂಟೆ" ಎಂದಳು.
ಬೆಲ್ಮೀರು ಎಂಬುದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ; ಇಲ್ಲಿ ಬಿಳಿಯಲ್ಲೇ ಐದು.
ಮದುವೆಯ ಬಿಳಿ, ಆಸ್ಪತ್ರೆಯ ಬಿಳಿ, ಕುರಿಯ ಬಿಳಿ,
ಜಪಾನಿನ ಗಿರಾಕಿಯೊಬ್ಬನಿಗಷ್ಟೇ ಕಾಣುವ ಬಿಳಿ,
ಮತ್ತೆ, ವಾಪಸು ಬಂದ ಬಿಳಿ.
ಐದಕ್ಕೂ ಸಾಲು ಕೊಟ್ಟೆ.

ಎಂಟನೇ ದಿನ ಪರದೆ ಕೆಂಪಾಗಿ ಕೇಳಿತು:
ನಾಲ್ಕನೇ ತೊಟ್ಟಿ, ಗುರುವಾರ,
ಎರಡರಿಂದ ಆರು, ಖಾಲಿ. ಯಾಕೆ?
ಹನ್ನೊಂದು ವರ್ಷದ ಪುಸ್ತಕ ತಿರುವಿದೆ. ಪ್ರತಿ ಗುರುವಾರ
ಅದೇ ಚೌಕದಲ್ಲಿ ಪೆನ್ಸಿಲಿನ ಒಂದೇ ಪದ: ವಾಲ್ವು.
"ವಾಲ್ವು ನೋಡಬೇಕಲ್ಲ" ಎಂದಳು ಒಡೀಲಿಯಾ,
ಈ ಸಲ ಕನ್ನಡಕ ಏರಿಸದೆ.

ಫಿಟ್ಟರು ತಲೆ ಕೆರೆದುಕೊಂಡ. "ನಾಲ್ಕಕ್ಕಾ?
ಹೊಸದು ಹಾಕಿದಾಗಿನಿಂದ ಒಂದು ಹನಿ ಸೋರಿಲ್ಲ."

ಬೆಲ್ಮೀರು ನಾಲ್ಕನೇ ತೊಟ್ಟಿಯವನು.
ಉಳಿದದ್ದನ್ನು ಕ್ಯಾಂಟೀನಿನ ಹೆಂಗಸು
ಎಲೆಕೋಸಿನ ಸೂಪು ಬಡಿಸುತ್ತ, ಕೇಳದೆಯೇ ಹೇಳಿದಳು.
ಗ್ವಾರ್ದದ ಜೈಲಿನಲ್ಲಿ ಮಗ. ಭೇಟಿ ಗುರುವಾರ ಮಾತ್ರ.
ಎರಡೂಕಾಲಿನ ಬಸ್ಸು.
ರಜೆ ಕೇಳಿದರೆ ಕಾರಣ ಬರೆಯಬೇಕಿತ್ತು.
ಅವನು ಕೇಳಲಿಲ್ಲ, ಒಡೀಲಿಯಾ ಏನೂ ಹೇಳಲಿಲ್ಲ.
ವಾಲ್ವು ಕೆಟ್ಟಿತು.

"ಈಗಲೂ ಒಳಗಿದ್ದಾನಾ?"
"ಹೊರಗೆ ಬಂದು ಎರಡು ವರ್ಷ. ಫ್ರಾನ್ಸಿನಲ್ಲಿ
ಟೈಲು ಕೂರಿಸುತ್ತಾನೆ. ಉಪ್ಪು ಬೇಕೇ?"

ಆ ಗುರುವಾರ ಕೆಳಗಿಳಿದು ನೋಡಿದೆ.
ತಣ್ಣಗಾದ ತೊಟ್ಟಿಯ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ
ಬೆಲ್ಮೀರು ಕೂತಿದ್ದ, ಹಿಡಿಯಬೇಕಾದ ಬಸ್ಸಿಲ್ಲದೆ.
ಉಗುರ ಸಂದಿಯ ತೊಳೆಯಲಾಗದ ನೀಲಿಯಲ್ಲಿ
ಕಿತ್ತಳೆ ಸುಲಿಯುತ್ತಿದ್ದ, ಸಿಪ್ಪೆ ಎಲ್ಲೂ ತುಂಡಾಗದ ಹಾಗೆ.
ಅರ್ಧ ನನ್ನ ಕಡೆ ಚಾಚಿದ.

ಆ ನಾಲ್ಕು ಗಂಟೆ ತುಂಬಿದರೆ
ತಿಂಗಳಿಗೆ ಆರುನೂರು ಕಿಲೋ ನೂಲು ಹೆಚ್ಚು,
ತಂತ್ರಾಂಶ ಹೇಳುತ್ತಲೇ ಇತ್ತು. ಲೆಕ್ಕ ಸರಿಯಾಗಿಯೇ ಇತ್ತು.
"ಕಾರಣ" ಎಂಬ ಕಿಂಡಿಯಲ್ಲಿ ಕರ್ಸರು ಮಿಣುಕುತ್ತಿತ್ತು,
ಸಹಿಗೆ ಕಾದು ನಿಂತ ಗುಮಾಸ್ತನ ಹಾಗೆ.
ವಾಲ್ವು ಎಂದು ಒತ್ತಿ
ಬೀಗದ ಗುರುತು ಹಾಕಿದೆ. ಬೆರಳಿಗೆ ಇನ್ನೂ ಕಿತ್ತಳೆ ವಾಸನೆ.

ಮೊನ್ನೆ ಒಡೀಲಿಯಾ ಫೋನು ಮಾಡಿದ್ದಳು.
ವಾಸ್ಕುವನ್ನು ಬೈದಳು, ಬಾಯ್ಲರನ್ನು ಬೈದಳು,
ಇಡುವ ಮುಂಚೆ, ಏನೂ ಅಲ್ಲವೆಂಬಂತೆ:
"ಒಂಬತ್ತನೇ ತೊಟ್ಟಿಗೂ ಒಂದು ವಾಲ್ವು ಬೇಕಾಗಿದೆ,
ಮಂಗಳವಾರ ಬೆಳಿಗ್ಗೆ.
ಅದನ್ನು ಎಲ್ಲಿ ಒತ್ತುವುದು, ಸ್ವಲ್ಪ ಹೇಳಿಕೊಡು."