ನಾಲ್ಕನೇ ತೂತಿನ ನೀರು

ಪುಸ್ತಕದ ಪ್ರಕಾರ ಇಪ್ಪತ್ತು ದಿನ.
ಇಪ್ಪತ್ತು ದಿನಕ್ಕೆ ಅರ್ಧ, ಮತ್ತಿಪ್ಪತ್ತಕ್ಕೆ ಅರ್ಧದಲ್ಲರ್ಧ,
ಹೀಗೆ ಇಳಿಯುತ್ತಲೇ ಹೋಗುವ ಮೆಟ್ಟಿಲು;
ಕೊನೆಯ ಮೆಟ್ಟಿಲನ್ನು ಯಾರೂ ಕಂಡಿಲ್ಲ.
ಆದರೆ ಪುಸ್ತಕದ ನೀರು ಬಾಟಲಿಯ ನೀರು,
ಇಪ್ಪತ್ತೈದು ಡಿಗ್ರಿ, ಹುಳಿಯೂ ಅಲ್ಲ, ಕ್ಷಾರವೂ ಅಲ್ಲ.
ಅದಕ್ಕೆ ಚಳಿಗಾಲ ಗೊತ್ತಿಲ್ಲ.

ಸೈಮಿ ಹೌಕಿಲಂಪಿ ಕೆರೆಯ ಮೇಲೆ ನಡೆಯುತ್ತಾಳೆ.
ಹೌದು, ಮೇಲೆ. ಫಿನ್ಲೆಂಡಿನ ಫೆಬ್ರವರಿ.
ಮೊಳದುದ್ದ ಗಡ್ಡೆ, ಗಡ್ಡೆಯ ಮೇಲೆ ಮೊಣಕಾಲುದ್ದ ಹಿಮ.
ಬೈರಿಗೆ ತಿರುಗಿಸಿ ಐದು ತೂತು ಕೊರೆದು
ಹಗ್ಗ ಕಟ್ಟಿದ ಕಂದು ಸೀಸೆ ಇಳಿಬಿಡುತ್ತಾಳೆ.
ಬಂದ ನೀರಿಗೆ ಹಾಲಿಲ್ಲದ ಚಹಾದ ಬಣ್ಣ,
ಸುತ್ತಲ ಜೌಗಿನಲ್ಲಿ ಸಾವಿರ ವರ್ಷ ಕೊಳೆತ ಪಾಚಿಯ ಹುಳಿ.
ಉಷ್ಣತೆ ಎರಡು. ಪಿಎಚ್ ಐದೂವರೆ.
ಬೆಳಕು: ಒಂದು ಗೆರೆ ಎಳೆಯುತ್ತಾಳೆ, ಅಷ್ಟೆ.

ದಡದಲ್ಲಿ ಉರ್ಪೋ, ಕಿವಿ ಮುಚ್ಚಿದ ಟೊಪ್ಪಿಗೆ.
ನವೆಂಬರಿನ ಒದ್ದೆ ಹಿಮಕ್ಕೆ ಕುಸಿದದ್ದು ಅವನದೇ ದೋಣಿಮನೆಯ ಮಾಡು.
ಸಸಿತೋಟ ಮುಚ್ಚಿ ಹನ್ನೊಂದು ವರ್ಷ;
ಸ್ಪ್ರೂಸ್ ಸಸಿಗೆ ಹೊಡೆಯುತ್ತಿದ್ದ ಔಷಧ
(ಹುಳಕ್ಕೆ ವಿಷ, ನಮ್ಮ ಮಾತಲ್ಲೂ ಔಷಧವೇ)
ಆರು ಡಬ್ಬಿ ಒಳಗೇ ಉಳಿದಿದ್ದವು,
ನಾಳೆ ಸಾಗಿಸಿದರಾಯಿತು ಎಂದು.
ಹನ್ನೊಂದು ವರ್ಷದ ನಾಳೆ.
ನೆರೆಯವರು ಏನೂ ಕೇಳಿಲ್ಲ. ಕೇಳದಿರುವುದು ಅಲ್ಲಿನ ಮರ್ಯಾದೆ,
ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ.

"ಮೀನು ಯಾವಾಗ ತಿನ್ನಬಹುದು?"

ನೂರ್ಕಾಲ ಬಾಳು ಎಂದು ಹರಸುವ ಭಾಷೆ ನನ್ನದು,
ಇಲ್ಲಿ ಅರ್ಧಾಯುಷ್ಯವೆಂದರೆ ಶಾಪ.
ಸೈಮಿ ಆ ಡಬ್ಬಿಗಳಿಗೆ ಅದನ್ನೇ ಬಯಸುತ್ತಾಳೆ, ಆದಷ್ಟು ಗಿಡ್ಡದ್ದು.
ಲೆಕ್ಕ ಒಪ್ಪಿಸುತ್ತಾಳೆ:
ಹತ್ತು ಡಿಗ್ರಿ ಇಳಿದರೆ ಒಡೆಯುವುದು ಮೂರು ಪಟ್ಟು ನಿಧಾನ,
ಹುಳಿನೀರಲ್ಲಿ ಅದು ಬಿಗಿದು ಕೂರುತ್ತದೆ,
ಬಿಸಿಲು ಬಿದ್ದರೆ ಬೇಗ, ಕ್ಷಾರವಿದ್ದರೆ ಇನ್ನೂ ಬೇಗ,
ನನ್ನ ಬಾಟಲಿಯಲ್ಲಿ, ಪಿಎಚ್ ಒಂಬತ್ತಕ್ಕೆ, ಮೂರೇ ದಿನ.
ಒಡೆದ ಮೇಲೆ ಏನು ಎಂದು ಅವನು ಕೇಳಲಿಲ್ಲ.
ತುಂಡುಗಳಿಗೂ ಹೆಸರಿದೆ, ಅವಳ ಹಾಳೆಯಲ್ಲಿ
ಅವಕ್ಕೂ ಒಂದೊಂದು ಕಾಲಂ.

ಕ್ಷಾರ. ಅದೊಂದೇ ಅವನ ಕಿವಿಗೆ ಬಿದ್ದದ್ದು.

ಮಾರ್ಚಿಯಲ್ಲಿ ನಾಲ್ಕನೇ ತೂತಿನ ಸುತ್ತ ಹಿಮ ಕೊಳಕಾಗಿತ್ತು.
ಜಾರುಬಂಡಿಯ ಎರಡು ಗೆರೆ ದಡದಿಂದ ಬಂದು ಅಲ್ಲಿಗೇ ನಿಂತಿದ್ದವು.
ಶನಿವಾರಕ್ಕೊಂದು ಸೌನಾ, ಭೂರ್ಜದ ಕಟ್ಟಿಗೆ,
ಭಾನುವಾರ ಒಲೆ ಬಳಿದರೆ ಒಂದು ಬಕೆಟ್ ಬೂದಿ.
ಐದು ಭಾನುವಾರ.
ಹೊಳೆಯಲ್ಲಿ ಹುಣಸೆ ಹಿಂಡಿದ ಹಾಗೆ ಎನ್ನಬಹುದಿತ್ತು,
ಆದರೆ ಅಲ್ಲಿ ಹುಣಸೆ ಬೆಳೆಯುವುದಿಲ್ಲ,
ಮತ್ತು ಇವನು ಮಾಡಿದ್ದು ಅದರ ತಿರುಗುಮುರುಗು.
ಕೆರೆಯಲ್ಲಿ ನಾಲ್ಕು ಲಕ್ಷ ಘನ ಮೀಟರ್ ನೀರು.
ಬಕೆಟ್ ಹತ್ತು ಲೀಟರಿನದು.
ಸೈಮಿ ನಿಂತಲ್ಲೇ ಭಾಗಿಸಿದಳು, ಉತ್ತರವನ್ನು ಒಳಗೇ ಇಟ್ಟುಕೊಂಡಳು.

ಮಾಪಕ ಅದ್ದಿದಳು.
ಐದೂವರೆ, ಐದೂವರೆ, ಐದೂವರೆ,
ನಾಲ್ಕನೆಯದು: ಆರು ಪಾಯಿಂಟ್ ಒಂಬತ್ತು.
ನಿಯಮದಂತೆ ಅದು ಕೆಟ್ಟ ಮಾದರಿ, ಚೆಲ್ಲಬೇಕು.
ಕೈಗವಸು ಕಚ್ಚಿ ಎಳೆದು, ಬೆರಳು ಊದಿಕೊಂಡು,
ಸೀಸೆಗೆ ಮುಚ್ಚಳ ಬಿಗಿದಳು.
ಷರಾ ಎಂಬಲ್ಲಿ ಬರೆದಳು: ಬೂದಿ.

ಮೇ ತಿಂಗಳ ಒಂದು ರಾತ್ರಿ ಗಡ್ಡೆ ನರಳಿ ಬಿರಿಯಿತು.
ಈಗ ಹದಿನೆಂಟು ಗಂಟೆ ಹಗಲು,
ನೀರೊಳಗೆ ಒಂದು ಮೊಳ ಇಳಿದು ಬಿಸಿಲು ಸುಸ್ತಾಗುತ್ತದೆ.
ಅಲ್ಲಿಂದ ಕೆಳಗೆ ಇನ್ನೂ ಫೆಬ್ರವರಿ.

ಉರ್ಪೋ ಬಲೆಯನ್ನು ಗೂಟಗಳಿಗೆ ಹರವಿದ್ದಾನೆ, ಒಣಗಲೆಂದು.
ಅದು ನೀರು ಕಂಡು ಆರು ತಿಂಗಳಾಯಿತು.
ಸೈಮಿಗೆ ಕಾಫಿ ಬಗ್ಗಿಸುತ್ತಾನೆ,
ಅವಳ ಕಣ್ಣು ಲೋಟದ ಮೇಲೆ ತುಸು ನಿಂತದ್ದು ಕಂಡು
"ಬಾವಿಯದು," ಎನ್ನುತ್ತಾನೆ,
"ಗುಡ್ಡದ ಮೇಲಿನದು."