ಕೂಗಳತೆ

ಬ್ರಾಝವಿಲ್, ಮಾಯಾ-ಮಾಯಾ ವಿಮಾನ ನಿಲ್ದಾಣ,
ಮೂರನೆಯ ಕೌಂಟರು. ಬೆಳಗಿನ ಪಾಳಿ ನನ್ನದು.
ಕಾಂಗೋ ನದಿಯ ದೋಣಿಗಳು ನಿಂತು ಹನ್ನೊಂದು ದಿನ.
ಆ ದಡದ ಸರ್ಕಾರ ಈ ದಡದ ಸರ್ಕಾರಕ್ಕೆ ಏನೋ ಅಂದಿತಂತೆ,
ಇದೂ ಸುಮ್ಮನಿರಲಿಲ್ಲವಂತೆ.
ಅಂತರಗಂಗೆಯ ಹಿಂಡು ಮಾತ್ರ ನಡುನೀರಲ್ಲಿ
ತಾನು ಯಾವ ದಡದ್ದೆಂದು ಹೇಳದೆ ತೇಲುತ್ತಿತ್ತು.

ಮುದುಕಿಯೊಬ್ಬಳು ಬಂದಳು, ಬಕೊಂಗೊ ಪೇಟೆಯವಳು,
ನೀಲಿ ಮೀನಿನ ಅಚ್ಚಿನ ಬಟ್ಟೆ ಸುತ್ತಿಕೊಂಡು,
ಕಂಕುಳಲ್ಲಿ ಎಲೆ ಬಿಗಿದ ಮರಗೆಣಸಿನ ಕಡುಬು.
"ಕಿನ್ಶಾಸಾ ಎಷ್ಟು ದೂರ ಮಗಳೇ?"

ನಗು ಬಂತು. ಅವಳ ಹಿತ್ತಲಲ್ಲಿ ನಿಂತರೆ
ಆ ಊರಿನ ಕಾರುಗಳ ದೀಪ ಎಣಿಸಬಹುದು.
ಮೀನು ಹಿಡಿಯುತ್ತಿದ್ದ ನನ್ನಜ್ಜ ಇದನ್ನು ಕೂಗಳತೆ ಎನ್ನುತ್ತಿದ್ದ:
ಗಾಳಿ ನಿಂತ ರಾತ್ರಿ ಅಲ್ಲಿಯ ನಾಯಿ ಬೊಗಳಿದರೆ
ಇಲ್ಲಿಯದು ಓಗೊಡುತ್ತಿತ್ತು.

ಆದರೂ ಪರದೆ ನೋಡಿಯೇ ಹೇಳಿದೆ, ಸಂಬಳ ಅದಕ್ಕೇ ತಾನೆ.
ನಿಲ್ದಾಣದಿಂದ ನಿಲ್ದಾಣಕ್ಕೆ ಇಪ್ಪತ್ತಾರು ಕಿಲೋಮೀಟರು.
ಹಾರಾಟ ಹದಿನೈದು ನಿಮಿಷ.
ಅದಕ್ಕೆ ಮೂರು ಗಂಟೆ ಮುಂಚೆ ಬರಬೇಕು,
ಹಳದಿ ಜ್ವರದ ಚೀಟಿ, ಪರವಾನಗಿಯ ಚೀಟಿ ತರಬೇಕು,
ಮತ್ತೆ ದುಡ್ಡು: ಮೂರು ತಿಂಗಳು ಮೀನು ಮಾರಿದಷ್ಟು.

ಬಟ್ಟೆಯಂಚಿನ ಗಂಟು ಬಿಚ್ಚುತ್ತ ಕೇಳಿದಳು: "ಹದಿನೈದು?
ನ್ಸಿಂಬಾ ನನಗಿಂತ ಅಷ್ಟೇ ದೊಡ್ಡವಳು.
ಸೂಲಗಿತ್ತಿಯ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು,
ಒಂದು ಮಡಕೆ ನೀರು ಕುದಿಯುವಷ್ಟು ಹೊತ್ತು ಅನ್ನುತ್ತಿದ್ದಳು ಅವ್ವ.
ಅಷ್ಟು ಹೊತ್ತು ಹೊರಗೆ ಒಬ್ಬಳೇ ಕಾದಳು, ಪಾಪ."

ನಮ್ಮಲ್ಲಿ ಅವಳಿಗಳಿಗೆ ಹೆಸರು ಹುಡುಕುವ ಕಷ್ಟವಿಲ್ಲ.
ಮುಂದೆ ಬಂದದ್ದು ನ್ಸಿಂಬಾ, ಹಿಂದೆ ಬಂದದ್ದು ನ್ಝೂಝಿ.
ಪಾಸ್‌ಪೋರ್ಟು ತೆರೆದೆ. ನ್ಝೂಝಿ.
"ನಿನ್ನೆ ಸಂಜೆ ಹೋದಳು," ಎಂದಳು.
"ಯಾವ ವಿಮಾನಕ್ಕೆ?" ಎಂದೆ.

ಬಾಯಿಯ ಅಭ್ಯಾಸ. ಹದಿಮೂರು ವರ್ಷದ್ದು.
ಅವಳು ಬೈಯಲಿಲ್ಲ. ಕಡುಬನ್ನು ತೂಕದ ಪಟ್ಟಿಯ ಮೇಲಿಟ್ಟಳು.
ಯಾರಿಗೂ ಕೊಡದ ನನ್ನ ನಂಬರು
ಟಿಕೇಟಿನ ಹಿಂದೆ ಬರೆದುಕೊಟ್ಟೆ.

ಆ ವಿಮಾನ ಏರುವುದು ಇಳಿಯುವುದಕ್ಕೇ.
ಬೆಲ್ಟಿನ ದೀಪ ಆರುವುದಿಲ್ಲ, ನೀರು ಕೇಳಿದರೆ ಸಿಗುವುದಿಲ್ಲ.
ನನ್ನ ಚಹಾ ಇನ್ನೂ ಅರ್ಧವಿತ್ತು,
ಪರದೆ ಹೇಳಿತು: ತಲುಪಿದೆ.

ಫೋನು ಬಂದದ್ದು ರಾತ್ರಿ.
ನ್ಜಿಲಿ ನಿಲ್ದಾಣದಿಂದ ಊರೊಳಕ್ಕೆ
ಟ್ಯಾಕ್ಸಿ ನಾಲ್ಕು ಗಂಟೆ ತೆವಳಿತಂತೆ.
"ಅಕ್ಕನ ಅಂಗಳದಲ್ಲಿದ್ದೇನೆ. ನದಿಯಾಚೆ ನಬೆಂಬಾ ಗೋಪುರ,
ಅದರ ಎಡಕ್ಕೆ ನಮ್ಮ ಬೀದಿ. ನೋಡು,
ಹಿತ್ತಲ ದೀಪ ಆರಿಸದೆ ಬಂದುಬಿಟ್ಟಿದ್ದೇನೆ.
ಇಲ್ಲಿಂದ ಕಾಣುತ್ತಿದೆ. ಕರೆಂಟು ದಂಡ ಮಗಳೇ,
ಹೋಗಿ ಆರಿಸುತ್ತೀಯಾ?"

ಹೋದೆ. ಬಾಗಿಲಿಗೆ ಅಗುಳಿ ಮಾತ್ರ.
ನೀರಾಚೆ ಸಾವಿನ ಮನೆಯ ಹಾಡು ಏಳುತ್ತಿತ್ತು, ಮುಳುಗುತ್ತಿತ್ತು.
ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ.
ಒಮ್ಮೆ ಆರಿಸಿದೆ. ಹೊತ್ತಿಸಿದೆ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆರಿಸಿದೆ.