ನಲವತ್ತೇಳನೇ ನಂಬರು

ವಾಲ್ಪರೈಸೊದ ಗುಡ್ಡ ಹತ್ತುವ ಹಳಿಗಾಡಿಗೆ
ಮೂವತ್ತೊಂದು ವರ್ಷ ಟಿಕೆಟು ಹರಿದವನು ನಾನು, ನಿಬಾಲ್ಡೊ.
ಯಾರ ಮನೆಗೆ ಎಷ್ಟು ಬ್ರೆಡ್ಡು ಹತ್ತುತ್ತದೆ,
ಬೆಳಿಗ್ಗೆ ಇಳಿದವರಲ್ಲಿ ಯಾರು ರಾತ್ರಿ ಹತ್ತಲಿಲ್ಲ,
ಎಲ್ಲ ಗೊತ್ತು.
ಅದಕ್ಕೇ ವಕೀಲ ನನ್ನನ್ನೇ ಹುಡುಕಿಕೊಂಡು ಬಂದ.

ಆಗ ನಮ್ಮಲ್ಲಿ ವಿಚ್ಛೇದನದ ಕಾನೂನು ಇರಲಿಲ್ಲ.
ಗಂಟು ಬಿಚ್ಚುವ ಹಾಗಿಲ್ಲ;
ಗಂಟು ಹಾಕಲೇ ಇಲ್ಲ ಅನ್ನಬಹುದಿತ್ತು.
ಮದುವೆ ಬರೆದುಕೊಂಡ ಅಧಿಕಾರಿಯ ಸರಹದ್ದಿನಲ್ಲಿ
ಹುಡುಗ ವಾಸವಿರಲಿಲ್ಲ, ಹುಡುಗಿಯೂ ಇರಲಿಲ್ಲ ಎಂದು
ಇಬ್ಬರು ಆಣೆ ಮಾಡಿದರೆ ಆಯಿತು,
ಹದಿನಾಲ್ಕು ವರ್ಷದ ಸಂಸಾರ ಅಸಿಂಧು.

ಎಡೆಲ್ಮೀರಾ ಇದ್ದದ್ದು ನಲವತ್ತೇಳನೇ ನಂಬರಿನಲ್ಲಿ.
ಹಳದಿ ತಗಡಿನ ಗೋಡೆ, ಮೆಟ್ಟಿಲಿಗೆ ಕಟ್ಟಿದ ಕುಂಟು ನಾಯಿ.
ಮದುವೆಯ ದಿನ ಅವಳ ಬಿಳಿ ಉಡುಪಿನ ಅಂಚು
ತಿರುಗುಗೇಟಿನ ಹಲ್ಲಿಗೆ ಸಿಕ್ಕಿಕೊಂಡಾಗ
ಮಂಡಿಯೂರಿ ಬಿಡಿಸಿದವನು ನಾನೇ.
ಒಂದು ಎಳೆ ಗೇಟಿನಲ್ಲೇ ಉಳಿಯಿತು.
ಎಣ್ಣೆ ಹಾಕುವಾಗ ವರ್ಷಗಟ್ಟಲೆ ಕಾಣುತ್ತಿತ್ತು, ಕಪ್ಪಾಗಿ.

ನ್ಯಾಯಾಲಯದಲ್ಲಿ ಕೇಳಿದರು:
ಈಕೆ ಆ ಗುಡ್ಡದಲ್ಲಿ ವಾಸವಿದ್ದಳೇ?
ಇಲ್ಲ, ಸ್ವಾಮಿ.
ಎಂದಾದರೂ?
ಇಲ್ಲ.
ಖಚಿತವೇ?
ಗುಡ್ಡ ಹತ್ತುವವರೆಲ್ಲ ನನ್ನ ಕೈದಾಟಿಯೇ ಹೋಗಬೇಕು, ಸ್ವಾಮಿ.

ನಾಲಿಗೆಗೆ ಎಲುಬಿಲ್ಲ. ನನಗೆ ಒಂದು ಜೊತೆ ಬೂಟು ಸಿಕ್ಕಿತು.
ಕಂದು ಬಣ್ಣದವು. ಚೆನ್ನಾಗಿಯೇ ಬಾಳಿಕೆ ಬಂದವು.

ತಪ್ಪೆಂದು ಅನಿಸಲಿಲ್ಲ ಆಗ. ಅವಳೇ ಬೇಡಿಕೊಂಡಿದ್ದಳು.
ರೊಸಮೆಲ್‌ನ ಕೈ ಭಾರವೆಂದು ನನಗೂ ಗೊತ್ತಿತ್ತು.
ಹತ್ತುವಾಗ ಅವಳು ಮುಖ ಕಿಟಕಿಗೆ ತಿರುಗಿಸುತ್ತಿದ್ದಳು,
ಸಮುದ್ರ ನೋಡುವವಳ ಹಾಗೆ.
ನ್ಯಾಯಾಧೀಶರಿಗೂ ಗೊತ್ತಿತ್ತು, ಸುಳ್ಳೆಂದು.
ಗುಮಾಸ್ತ ಆಕಳಿಸುತ್ತ ಬರೆದುಕೊಂಡ.
ಮಕ್ಕಳು ಮಾತ್ರ ಸಕ್ರಮವೇ ಅಂದಿತು ಕಾನೂನು, ದೊಡ್ಡ ಮನಸ್ಸು ಮಾಡಿ.
ಮರ ಇರಲಿಲ್ಲ, ಹಣ್ಣು ಇದೆ.

ಆಮೇಲೆ ಕಾಲ ಬದಲಾಯಿತು, ಕಾನೂನೂ ಬಂತು.
ಮೊದಲ ಸಾಲಿನಲ್ಲೇ ನಿಂತಳು ನನ್ನ ಒಟೀಲಿಯಾ.
ಜಗಳವಿಲ್ಲ, ಬೈಗುಳವಿಲ್ಲ.
'ಸಾಕಾಯಿತು, ನಿಬಾಲ್ಡೊ' ಅಂದಳು, ಅಷ್ಟೇ,
ಅನ್ನಕ್ಕಿಟ್ಟ ಒಲೆ ಆರಿಸುವವಳ ಹಾಗೆ.

ಕಾಗದ ಬಂದ ದಿನ ಮೇಲಿನ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದೆ.
ಎಡೆಲ್ಮೀರಾ ಬಂದಳು, ಕೈಯಲ್ಲಿ ಈರುಳ್ಳಿ ಚೀಲ, ಕೂದಲೆಲ್ಲ ಬೆಳ್ಳಗೆ.
'ನೋಡಲಾ' ಅಂದಳು.
ಕೊಟ್ಟೆ.

ಮದುವೆಯಾದ ತಾರೀಖು. ಮುಗಿದ ತಾರೀಖು.
ಎರಡರ ಮೇಲೂ ಬೆರಳಾಡಿಸಿದಳು,
ಕೂಸಿನ ಹಲ್ಲು ಮೂಡಿದೆಯೇ ಎಂದು ತಡವುವ ಹಾಗೆ.

'ನಿನಗೆ ಅವಳು ಈಗ ಹೆಂಡತಿ ಅಲ್ಲ.
ನನಗೆ ಗಂಡ ಇರಲೇ ಇಲ್ಲ.
ಈ ಅಲ್ಲಕ್ಕೂ ಆ ಇಲ್ಲಕ್ಕೂ ನಡುವೆ
ಹದಿನಾಲ್ಕು ವರ್ಷ ಎಲ್ಲಿ ಬಿದ್ದಿದೆಯೋ, ಮಾರಾಯ.
ಅವನು ಹೊಡೆದದ್ದು ಯಾರನ್ನು?
ಜ್ವರ ಬಂದಾಗ ಅವನ ಹಣೆಗೆ
ಒದ್ದೆಬಟ್ಟೆ ಇಟ್ಟವಳು ಯಾರು?'

ನಾನು ಏನು ಹೇಳಲಿ. ಬೂಟು ನೋಡಿಕೊಂಡೆ.
ಇವು ಬೇರೆ ಬೂಟು, ಎಂದೋ ಬದಲಾಗಿವೆ, ಆದರೂ.

'ಈಗಾದರೂ ಹೇಳು' ಅಂದಳು.
'ಇಲ್ಲಿ ಯಾರೂ ಬರೆದುಕೊಳ್ಳುವವರಿಲ್ಲ.
ನಾನು ಎಲ್ಲಿದ್ದೆ?'

ಕೆಳಗಿನಿಂದ ಗಾಡಿ ಏರುತ್ತಿತ್ತು, ಹಗ್ಗ ನರಳುತ್ತಿತ್ತು.
ಗಂಟಲು ಸರಿಮಾಡಿಕೊಂಡೆ. ಎದ್ದು ನಿಂತೆ,
ಟೋಪಿ ತೆಗೆದೆ, ಯಾಕೋ.

ನಲವತ್ತೇಳು, ಅಂದೆ.
ಹಳದಿ ತಗಡು. ನಾಯಿ ಕುಂಟು.
ಹಿಂಗಾಲು, ಎಡಗಡೆಯದು.

'ಬಲಗಡೆಯದು' ಅಂದಳು ಎಡೆಲ್ಮೀರಾ,
ಈರುಳ್ಳಿ ಎತ್ತಿಕೊಂಡು ಹೊರಟಳು.